ಕಾಣುವುದು ಮತ್ತು ಗುರುತಿಸುವುದು

ನೋಡುವುದು ಕಣ್ಣಿನ ಕೆಲಸವೆಂಬುದು ಎಲ್ಲರೂ ಬಲ್ಲ ಮಾತು. ಈ ಮಾತು ತಪ್ಪಲ್ಲ; ಆದರೆ ಪೂರ್ಣವೂ ಅಲ್ಲ. ಕಣ್ಣು ಬೆಳಕನ್ನು ಬರಮಾಡಿಕೊಂಡು ಒಳಕ್ಕೆ ಸುದ್ದಿ ಕಳುಹಿಸುತ್ತದೆ, ಅಷ್ಟೆ. ಆ ಸುದ್ದಿಯನ್ನು ಬಿಡಿಸಿ, ಎದುರಿಗಿರುವುದು ಚೊಂಬೋ ಚೆಂಡೋ, ಹಗ್ಗವೋ ಹಾವೋ, ನೆಂಟನೋ ಅಪರಿಚಿತನೋ ಎಂದು ತೀರ್ಮಾನಿಸುವುದು ಮೆದುಳು. ಕಾಣುವುದು ಒಂದು ಕ್ರಿಯೆ. ಕಂಡದ್ದನ್ನು ಗುರುತಿಸುವುದು ಇನ್ನೊಂದು ಕ್ರಿಯೆ. ಆರೋಗ್ಯವಂತನಲ್ಲಿ ಇವೆರಡೂ ಒಂದರೊಡನೊಂದು ಬೆಸೆದುಕೊಂಡಿರುವುದರಿಂದ ಅವು ಎರಡೆಂಬ ಅರಿವೇ ಆಗುವುದಿಲ್ಲ. ಬೆಸುಗೆ ಬಿಟ್ಟಾಗ ಮಾತ್ರ ಗುರುತಿಸುವಿಕೆ ಎಷ್ಟು ದೊಡ್ಡ ಸಂಪತ್ತೆಂಬುದು ತಿಳಿದುಬರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಇವು ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು. ಮಳೆಯನ್ನು ನೆಚ್ಚಿದ ಈ ಬಯಲು ನಾಡಿನಲ್ಲಿ ಜೋಳ, ಸಜ್ಜೆ, ನವಣೆ, ಶೇಂಗಾಗಳೊಡನೆ ಒಡನಾಡಿದ ಜನರ ಕಣ್ಣು ಬಲು ಸೂಕ್ಷ್ಮವಾದುದು. ನವಣೆಯ ಕಾಳಿಗೂ ಸಾಮೆಯ ಕಾಳಿಗೂ ಇರುವ ವ್ಯತ್ಯಾಸ ಅತ್ಯಲ್ಪ. ಆದರೂ ಮೊರ ಹಿಡಿದ ಹಿರಿಯ ಹೆಣ್ಣುಮಗಳು ಒಂದೇ ನೋಟದಲ್ಲಿ ಇದು ಇಂಥದು ಎಂದು ಹೇಳಬಲ್ಲಳು. ಕೊಟ್ಟೂರೇಶ್ವರನ ರಥೋತ್ಸವದ ಜನಸಾಗರದಲ್ಲಿ ನೂರು ತಲೆಗಳ ನಡುವೆ ತನ್ನ ತಮ್ಮನ ರುಮಾಲನ್ನು, ಅವನು ಹೆಗಲು ತಿರುಗಿಸುವ ಬಗೆಯನ್ನು ದೂರದಿಂದಲೇ ಗುರುತಿಸಿ ಕೂಗುವ ಅಕ್ಕಂದಿರುಂಟು. ಹೂವಿನಹಡಗಲಿಯ ಮಲ್ಲಿಗೆ ಬೆಳೆಗಾರರು ಮರುದಿನ ಅರಳುವ ಮೊಗ್ಗನ್ನು ಇನ್ನೂ ಎಳೆಯದಾದ ಮೊಗ್ಗಿನಿಂದ ಬೇರ್ಪಡಿಸಿ ಕೀಳುವುದೂ ಇದೇ ಶಕ್ತಿಯಿಂದ. ಇದಕ್ಕೆ ಬೇಕಾಗುವ ಕಾಲ ಎಷ್ಟು? 1996ರಲ್ಲಿ ಫ್ರಾನ್ಸ್ ದೇಶದ ವಿಜ್ಞಾನಿಗಳು ಜನರಿಗೆ ಚಿತ್ರಗಳನ್ನು ಕ್ಷಣಮಾತ್ರ ತೋರಿಸಿ, ಅದರಲ್ಲಿ ಪ್ರಾಣಿ ಇದೆಯೇ ಇಲ್ಲವೇ ಎಂದು ಕೇಳಿದರು. ಚಿತ್ರ ಕಂಡ ಸುಮಾರು 150 ಮಿಲಿಸೆಕೆಂಡುಗಳಲ್ಲಿಯೇ ಮೆದುಳಿನ ವಿದ್ಯುತ್ ಅಲೆಗಳು ಪ್ರಾಣಿಯಿರುವ ಚಿತ್ರಕ್ಕೂ ಇಲ್ಲದ ಚಿತ್ರಕ್ಕೂ ಭೇದ ತೋರಿದವು. ರೆಪ್ಪೆ ಬಡಿಯುವುದಕ್ಕೆ ಹಿಡಿಯುವ ಹೊತ್ತಿನೊಳಗೇ ಈ ಮಹತ್ಕಾರ್ಯ ನಡೆದುಹೋಗುತ್ತದೆ.

ಈ ಕಾರ್ಯ ನಡೆಯುವ ಬಗೆಯನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ಬೆಳಕು ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟದ ಮೇಲೆ ಬೀಳುತ್ತದೆ. ಅಲ್ಲಿಂದ ಹೊರಡುವ ದೃಷ್ಟಿನರದಲ್ಲಿ ಸುಮಾರು ಹತ್ತು ಲಕ್ಷ ತಂತುಗಳಿವೆ. ಇವು ಹೊತ್ತ ಸಂದೇಶವು ಮೆದುಳಿನ ನಡುವಣ ಒಂದು ನಿಲ್ದಾಣವನ್ನು ಹಾದು, ತಲೆಯ ಹಿಂಬದಿಯ ಹಾಲೆಯನ್ನು ತಲಪುತ್ತದೆ. ಅಲ್ಲಿನ ನರಕೋಶಗಳು ಮೊದಲಿಗೆ ಗೆರೆ, ಅಂಚು, ಬಣ್ಣ, ಚಲನೆ ಮುಂತಾದ ಬಿಡಿ ಅಂಶಗಳನ್ನು ಮಾತ್ರ ಗ್ರಹಿಸುತ್ತವೆ. ಮುಂದೆ ಈ ಸಂದೇಶಕ್ಕೆ ಎರಡು ದಾರಿಗಳು. ಮೇಲಣ ದಾರಿ ನೆತ್ತಿಯ ಭಾಗದ ಹಾಲೆಯ ಕಡೆಗೆ ಸಾಗಿ, ವಸ್ತು ಎಲ್ಲಿದೆ, ಕೈಯನ್ನು ಎತ್ತ ಚಾಚಬೇಕು ಎಂಬುದನ್ನು ಲೆಕ್ಕ ಹಾಕುತ್ತದೆ. ಕೆಳಗಣ ದಾರಿ ಕಿವಿಯ ಒಳಬದಿಯ ಹಾಲೆಯ ಕಡೆಗೆ ಸಾಗಿ, ಆ ವಸ್ತು ಏನು ಎಂಬುದನ್ನು ನಿರ್ಣಯಿಸುತ್ತದೆ. ಲೆಸ್ಲಿ ಅಂಗರ್‌ಲೈಡರ್ ಮತ್ತು ಮಾರ್ಟಿಮರ್ ಮಿಷ್ಕಿನ್ ಎಂಬ ಅಮೆರಿಕದ ವಿಜ್ಞಾನಿಗಳು 1982ರಲ್ಲಿ ಮಂಡಿಸಿದ ಈ ಎರಡು ದಾರಿಗಳ ಕಲ್ಪನೆ, ಅನಂತರ ಹಲವು ತಿದ್ದುಪಡಿಗಳನ್ನು ಪಡೆದಿದ್ದರೂ, ಇಂದಿಗೂ ದೃಷ್ಟಿವಿಜ್ಞಾನದ ತಳಹದಿಯಾಗಿ ಉಳಿದಿದೆ.

ವಸ್ತುವಿನ ಆಕಾರ ಕೂಡಿಬಂದ ಮಾತ್ರಕ್ಕೆ ಗುರುತಿಸುವಿಕೆ ಮುಗಿಯಲಿಲ್ಲ. ಆ ಆಕಾರವನ್ನು ಹಿಂದೆ ಕಂಡ ವಸ್ತುಗಳ ನೆನಪಿನೊಡನೆ ಹೋಲಿಸಿ ನೋಡಬೇಕು; ಅದರ ಉಪಯೋಗವೇನೆಂಬುದು ಹೊಳೆಯಬೇಕು; ಕಡೆಗೆ ಅದರ ಹೆಸರು ನಾಲಗೆಗೆ ಬರಬೇಕು. ಭಾರತದ ಪ್ರಾಚೀನ ನೈಯಾಯಿಕರು ಈ ವಿಷಯವನ್ನು ಬಹು ಹಿಂದೆಯೇ ಚಿಂತಿಸಿದ್ದರು. ‘ಏನೋ ಇದೆ’ ಎಂಬಷ್ಟೇ ಅರಿವನ್ನು ಅವರು ನಿರ್ವಿಕಲ್ಪಕ ಪ್ರತ್ಯಕ್ಷವೆಂದು, ‘ಇದು ಗಡಿಗೆ’ ಎಂಬ ನಿಶ್ಚಿತ ಅರಿವನ್ನು ಸವಿಕಲ್ಪಕ ಪ್ರತ್ಯಕ್ಷವೆಂದು ಕರೆದರು. ಹಿಂದೆ ಕಂಡದ್ದೇ ಇದು ಎಂದು ಮರಳಿ ಅರಿಯುವುದಕ್ಕೆ ಪ್ರತ್ಯಭಿಜ್ಞೆ ಎಂಬ ಸೊಗಸಾದ ಹೆಸರನ್ನಿತ್ತರು. ಅವರು ನರಕೋಶಗಳನ್ನು ಕಂಡವರಲ್ಲ. ಆದರೆ ಕಾಣುವುದಕ್ಕೂ ಅರಿಯುವುದಕ್ಕೂ ನಡುವೆ ಮೆಟ್ಟಿಲುಗಳಿವೆ ಎಂಬುದನ್ನು ತರ್ಕಬಲದಿಂದ ಕಂಡುಕೊಂಡಿದ್ದರು. 1890ರಲ್ಲಿ ಜರ್ಮನಿಯ ಹೈನ್ರಿಷ್ ಲಿಸ್ಸಾವರ್ ಎಂಬ ವೈದ್ಯನು ರೋಗಿಗಳನ್ನು ಪರೀಕ್ಷಿಸಿ ಇಂಥದೇ ಒಂದು ವಿಂಗಡಣೆಯನ್ನು ಮಾಡಿದನು. ಕೆಲವರಿಗೆ ವಸ್ತುವಿನ ಭಾಗಗಳನ್ನು ಕೂಡಿಸಿ ಒಂದು ಆಕಾರವನ್ನಾಗಿ ಗ್ರಹಿಸಲು ಆಗುವುದಿಲ್ಲ. ಇನ್ನು ಕೆಲವರು ಆಕಾರವನ್ನು ಗ್ರಹಿಸಬಲ್ಲರು, ಅದನ್ನು ನೋಡಿ ಚಿತ್ರವನ್ನೂ ಬರೆಯಬಲ್ಲರು. ಆದರೆ ಅದು ಏನೆಂಬ ಅರ್ಥ ಅವರಿಗೆ ಹೊಳೆಯುವುದಿಲ್ಲ. ಕಣ್ಣು ಸರಿಯಿದ್ದೂ ಕಂಡದ್ದನ್ನು ಅರಿಯಲಾರದ ಈ ಸ್ಥಿತಿಗೆ ಇಂದು ಅಗ್ನೋಸಿಯಾ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ‘ಅರಿವಿಲ್ಲದಿರುವಿಕೆ’ ಎಂದು.

ಅಗ್ನೋಸಿಯಾ ತಲೆಗೆ ಬಿದ್ದ ಪೆಟ್ಟಿನಿಂದ ಬರಬಹುದು, ಪಾರ್ಶ್ವವಾಯುವಿನಿಂದಲೂ ಬರಬಹುದು. ಅವು ಹಠಾತ್ತಾಗಿ ಎರಗುವ ಆಪತ್ತುಗಳು. ಆದರೆ ಯಾರ ಅರಿವಿಗೂ ಬಾರದಂತೆ, ಗೆದ್ದಲು ತೊಲೆಯನ್ನು ತಿನ್ನುವ ಹಾಗೆ, ಮೆಲ್ಲಮೆಲ್ಲನೆ ಈ ಶಕ್ತಿಯನ್ನು ಕುಂದಿಸುವ ಕಾಯಿಲೆಯೊಂದಿದೆ. ಅದೇ ಡಿಮೆನ್ಷಿಯಾ, ಜನರ ಮಾತಿನಲ್ಲಿ ಮರೆವಿನ ಕಾಯಿಲೆ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕನ್ನಡ ನಾಡಿನಲ್ಲೆಲ್ಲ ಪ್ರಚಲಿತವಾಗಿದೆ. ಗಾದೆಗಳು ಅನುಭವದ ಮಾತುಗಳೇ ಆದರೂ ಈ ಗಾದೆ ಒಂದು ತಪ್ಪು ಅಭಿಪ್ರಾಯಕ್ಕೆ ಎಡೆಗೊಟ್ಟಿದೆ. ವಯಸ್ಸಾದವರೆಲ್ಲರಿಗೂ ಮತಿ ಕೆಡುವುದು ಸಹಜ, ಅದಕ್ಕೆ ಮಾಡುವಂಥದೇನೂ ಇಲ್ಲ ಎಂಬುದೇ ಆ ಅಭಿಪ್ರಾಯ. ವಾಸ್ತವವಾಗಿ ಡಿಮೆನ್ಷಿಯಾ ಮುಪ್ಪಿನ ಅನಿವಾರ್ಯ ಫಲವಲ್ಲ. ಅದು ಮೆದುಳಿನ ರೋಗಗಳಿಂದ ಉಂಟಾಗುವ ಸ್ಥಿತಿ. 2023ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು ಜನ, ಎಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ. ಹಾಗಾದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರು ಬಳಲುತ್ತಿಲ್ಲ ಎಂಬುದನ್ನೂ ಇದೇ ಅಂಕಿ ಹೇಳುತ್ತದೆ.

ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯವಾದ ಕಾರಣ ಆಲ್ಜೈಮರ್ ಕಾಯಿಲೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯಲ್ಲಿ ಅಲೋಯ್ಸ್ ಆಲ್ಜೈಮರ್ ಎಂಬ ವೈದ್ಯನು ಆಗುಸ್ಟೆ ಎಂಬ 51 ವರ್ಷದ ಮಹಿಳೆಯನ್ನು ಪರೀಕ್ಷಿಸಿದನು. ಅವನು ಆಕೆಗೆ ಸೀಸದಕಡ್ಡಿ, ಲೇಖನಿ, ಹಣದ ಚೀಲ, ಬೀಗದ ಕೈ ಮೊದಲಾದ ವಸ್ತುಗಳನ್ನು ತೋರಿಸಿದಾಗ ಆಕೆ ಅವುಗಳ ಹೆಸರನ್ನು ಸರಿಯಾಗಿಯೇ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಏನನ್ನು ತೋರಿಸಿದ್ದೆನೆಂದು ಕೇಳಿದರೆ ಆಕೆಗೆ ನೆನಪಿರಲಿಲ್ಲ. ಆಕೆಯಲ್ಲಿ ಆಗ ಗುರುತಿಸುವ ಶಕ್ತಿ ಉಳಿದಿತ್ತು, ನೆನಪಿನಲ್ಲಿ ಇರಿಸಿಕೊಳ್ಳುವ ಶಕ್ತಿ ಹೋಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಜೈಮರನು ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು. ನರಕೋಶಗಳ ನಡುವೆ ಜಿಗುಟಾದ ಪದಾರ್ಥದ ಗಂಟುಗಳೂ, ಕೋಶಗಳ ಒಳಗೆ ಸಿಕ್ಕುಗಟ್ಟಿದ ನೂಲಿನಂತಹ ಎಳೆಗಳೂ ಕಂಡುಬಂದವು. ಈ ಎರಡು ಕುರುಹುಗಳೇ ಇಂದಿಗೂ ಆ ಕಾಯಿಲೆಯ ಲಕ್ಷಣಗಳು. 1910ರಲ್ಲಿ ಈ ರೋಗಕ್ಕೆ ಆಲ್ಜೈಮರನ ಹೆಸರನ್ನೇ ಇಡಲಾಯಿತು.

ಹಾಗಾದರೆ ಈ ಕಾಯಿಲೆ ಆರಂಭದಲ್ಲಿ ವಸ್ತುಗಳನ್ನು ಗುರುತಿಸುವ ಶಕ್ತಿಗೆ ಏನು ಮಾಡುತ್ತದೆ? 1991ರಲ್ಲಿ ಜರ್ಮನಿಯ ಹೈಕೊ ಬ್ರಾಕ್ ಮತ್ತು ಈವಾ ಬ್ರಾಕ್ ದಂಪತಿಗಳು ಹಲವಾರು ಮೆದುಳುಗಳನ್ನು ಪರೀಕ್ಷಿಸಿ, ಎಳೆಗಳ ಸಿಕ್ಕು ಹರಡುವ ಕ್ರಮವನ್ನು ಗುರುತಿಸಿದರು. ಅದು ಮೊದಲು ಕಿವಿಯ ಬಳಿಯ ಹಾಲೆಯ ಒಳಮಗ್ಗುಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೊಸ ನೆನಪುಗಳು ಸಿದ್ಧವಾಗುವುದು ಈ ನೆರೆಯಲ್ಲಿಯೇ. ಆದುದರಿಂದ ಬಹುಮಂದಿ ರೋಗಿಗಳಲ್ಲಿ ಮರೆವು ಮೊದಲು ಕಾಣುತ್ತದೆ. ಆದರೆ ಅದೇ ನೆರೆಯಲ್ಲಿ, ಗುರುತಿಸುವಿಕೆಯ ಕೆಳಗಣ ದಾರಿ ಕೊನೆಗೊಳ್ಳುವೆಡೆ, ಇನ್ನೊಂದು ಪುಟ್ಟ ಪ್ರದೇಶವಿದೆ. ಒಂದನ್ನೊಂದು ಬಹಳ ಹೋಲುವ ವಸ್ತುಗಳನ್ನು ಬೇರೆ ಬೇರೆಯೆಂದು ತಿಳಿಯಲು ಆ ಪ್ರದೇಶ ನೆರವಾಗುತ್ತದೆ. ಬೀಸುವ ಕಲ್ಲನ್ನೂ ಕೊಡವನ್ನೂ ಬೇರ್ಪಡಿಸಲು ಅದರ ಅವಶ್ಯಕತೆ ಹೆಚ್ಚೇನೂ ಇಲ್ಲ. ನವಣೆಯನ್ನೂ ಸಾಮೆಯನ್ನೂ, ಜೀರಿಗೆಯನ್ನೂ ಓಂಕಾಳನ್ನೂ, ಒಂದೇ ಬಣ್ಣದ ಎರಡು ಕರುಗಳನ್ನೂ ಬೇರ್ಪಡಿಸಲು ಅದು ಬೇಕು. ಅದು ಕುಂದಿದಾಗ ಸ್ಥೂಲವಾದ ಗುರುತು ಉಳಿದು ಸೂಕ್ಷ್ಮವಾದ ಗುರುತು ಮಸುಕಾಗುತ್ತದೆ. ನಲವತ್ತು ವರ್ಷ ಅಡುಗೆ ಮಾಡಿದ ಕೈ ಜೀರಿಗೆಯ ಬದಲು ಓಂಕಾಳನ್ನು ಒಗ್ಗರಣೆಗೆ ಹಾಕಿದರೆ ಮನೆಯವರು ನಕ್ಕುಬಿಡುತ್ತಾರೆ. ಒಮ್ಮೆ ಆದರೆ ಅದು ನಗುವ ಸಂಗತಿಯೇ ಹೌದು. ಮತ್ತೆ ಮತ್ತೆ ಆದರೆ ಅದು ಗಮನಿಸಬೇಕಾದ ಸಂಗತಿ. ಇಂತಹ ಬದಲಾವಣೆಗಳು ಮೆದುಳಿನೊಳಗೆ ಆರಂಭವಾಗಿ, ಹೊರಗಿನ ಲಕ್ಷಣಗಳಾಗಿ ಕಾಣಿಸಿಕೊಳ್ಳಲು ಹತ್ತು ಹದಿನೈದು ವರ್ಷಗಳೇ ಹಿಡಿಯಬಹುದು.

ಎಲ್ಲರಲ್ಲಿಯೂ ಕಾಯಿಲೆ ಒಂದೇ ದಾರಿ ಹಿಡಿಯುವುದಿಲ್ಲ. ಕೆಲವರಲ್ಲಿ ಅದು ಮೆದುಳಿನ ಹಿಂಭಾಗದಲ್ಲಿಯೇ ಮೊದಲು ತೀವ್ರವಾಗುತ್ತದೆ. 1988ರಲ್ಲಿ ಅಮೆರಿಕದ ಫ್ರಾಂಕ್ ಬೆನ್ಸನ್ ಮತ್ತು ಸಂಗಡಿಗರು ಈ ಬಗೆಯನ್ನು ಪ್ರತ್ಯೇಕವಾಗಿ ವರ್ಣಿಸಿದರು. ಈ ರೋಗಿಗಳ ನೆನಪು ಆರಂಭದಲ್ಲಿ ಚೆನ್ನಾಗಿಯೇ ಇರುತ್ತದೆ; ಮಾತೂ ಸ್ಪಷ್ಟವಾಗಿರುತ್ತದೆ. ಆದರೆ ಬಿಡಿ ಭಾಗಗಳನ್ನು ಕೂಡಿಸಿ ಇಡೀ ವಸ್ತುವನ್ನು ಕಾಣಲು ಅವರಿಗೆ ಆಗುವುದಿಲ್ಲ. ಚೊಂಬಿನ ಅಂಚು ಕಂಡರೆ ಚೊಂಬು ಕಾಣದು. ಒಂದು ಅಕ್ಷರ ಕಂಡರೆ ಸಾಲು ತಪ್ಪಿಹೋಗುತ್ತದೆ. ಎದುರಿಗಿರುವ ಲೋಟಕ್ಕೆ ಚಾಚಿದ ಕೈ ಗೇಣಿನಷ್ಟು ಆಚೆ ಬೀಳುತ್ತದೆ. ನರರೋಗತಜ್ಞ ಆಲಿವರ್ ಸ್ಯಾಕ್ಸ್ 1985ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಒಬ್ಬ ಸಂಗೀತ ಶಿಕ್ಷಕನ ವೃತ್ತಾಂತವಿದೆ. ಕೈಗವಸನ್ನು ತೋರಿಸಿದಾಗ ಅವನು ಅದರ ಮೇಲ್ಮೈಯನ್ನೂ ಅದಕ್ಕಿರುವ ಐದು ಚೀಲಗಳಂತಹ ಭಾಗಗಳನ್ನೂ ನಿಖರವಾಗಿ ವರ್ಣಿಸಿದನು. ಅದು ಕೈಗವಸು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಗುಲಾಬಿ ಹೂವನ್ನು ನೋಡಿ ಅರಿಯದವನು ಮೂಸಿದೊಡನೆ ಅದನ್ನು ಅರಿತನು.

ಇನ್ನೂ ಒಂದು ಬಗೆಯಿದೆ. ಅದರಲ್ಲಿ ಕಿವಿಯ ಬಳಿಯ ಹಾಲೆಯ ಮುಂತುದಿ ಸವೆಯುತ್ತದೆ. ಅಲ್ಲಿ ನಷ್ಟವಾಗುವುದು ಆಕಾರವಲ್ಲ, ಅರ್ಥ. ಮೊದಲು ‘ಸಾರಂಗ’ ಎಂಬ ಹೆಸರು ಹೋಗಿ ಅದು ‘ಜಿಂಕೆ’ಯಾಗುತ್ತದೆ, ಬಳಿಕ ‘ಆಡು’ ಆಗುತ್ತದೆ, ಕೊನೆಗೆ ಬರಿಯ ‘ಪ್ರಾಣಿ’ಯಾಗಿ ಉಳಿಯುತ್ತದೆ. ಈ ರೋಗಿಗೆ ವಸ್ತುವನ್ನು ತೋರಿಸಿದರೂ, ಮುಟ್ಟಿಸಿದರೂ, ಅದರ ಹೆಸರನ್ನೇ ಹೇಳಿದರೂ ಅದೇನೆಂಬುದು ತಿಳಿಯದು. ಅಂಗಡಿಯಲ್ಲಿ ಸರಕಿದ್ದು ಬೆಳಕು ಇಲ್ಲದಂತಾಗುವುದು ಹಿಂದಿನ ಬಗೆ. ಬೆಳಕಿದ್ದು ಸರಕೇ ಬರಿದಾಗುವುದು ಈ ಬಗೆ.

ಈ ವಿಚಾರಗಳು ಆಸ್ಪತ್ರೆಗೂ ಪ್ರಯೋಗಶಾಲೆಗೂ ಸೇರಿದವು, ಮನೆಗೆ ಇವುಗಳಿಂದೇನು ಎಂದು ಕೇಳಬಹುದು. ಐದು ತಾಲ್ಲೂಕುಗಳ ಯಾವುದೋ ಹಳ್ಳಿಯ ಒಂದು ಮನೆಯನ್ನು ಊಹಿಸಿಕೊಂಡರೆ ಉತ್ತರ ದೊರೆಯುತ್ತದೆ. ಆ ಮನೆಯ ಅಜ್ಜಿಗೆ ಅರವತ್ತೆರಡು ವರ್ಷ. ಆಕೆ ಪಡಸಾಲೆಯಲ್ಲಿ ಹಾಸಿದ ಕರಿಯ ಕಂಬಳಿಯ ಮುಂದೆ ನಿಂತು ದಾಟಲು ಹೆದರುತ್ತಾಳೆ. ಆಕೆಯ ಮೆದುಳಿಗೆ ಅದು ಕಂಬಳಿಯಲ್ಲ, ಗುಂಡಿ. ಗೂಟಕ್ಕೆ ನೇತುಹಾಕಿದ ಅಂಗಿಯನ್ನು ಕಂಡು ‘ಯಾರೋ ನಿಂತಿದ್ದಾರೆ’ ಎನ್ನುತ್ತಾಳೆ. ಬಿಳಿಯ ತಟ್ಟೆಯಲ್ಲಿ ಬಡಿಸಿದ ಬಿಳಿಯ ಅನ್ನವನ್ನು ಬಿಟ್ಟು ಸಾರನ್ನಷ್ಟೇ ಉಣ್ಣುತ್ತಾಳೆ. ಶಾಲೆಯಿಂದ ಬಂದ ಮೊಮ್ಮಗನನ್ನು ಸುಮ್ಮನೆ ದಿಟ್ಟಿಸುತ್ತಾಳೆ. ಅವನು ‘ಅಜ್ಜಿ, ನಾನು ಬಂದೆ’ ಎಂದೊಡನೆ ಮುಖವರಳಿಸಿ ಬಳಿಗೆ ಕರೆಯುತ್ತಾಳೆ. ಮನೆಯವರು ಆಕೆಯನ್ನು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಪೊರೆ ತೆಗೆಸಿದ್ದಾಯಿತು, ಕನ್ನಡಕ ಬದಲಾಯಿಸಿದ್ದಾಯಿತು, ಗುಣ ಕಾಣಲಿಲ್ಲ. ಆಗ ಒಬ್ಬರು ಗಾಳಿ ಸೋಕಿದೆ ಎನ್ನುತ್ತಾರೆ. ಇನ್ನೊಬ್ಬರು ಕೆಲಸ ತಪ್ಪಿಸಿಕೊಳ್ಳುವ ಸೋಗು ಎನ್ನುತ್ತಾರೆ. ಮತ್ತೊಬ್ಬರು ಅರಳು ಮರಳು ಎಂದು ಕೈಚೆಲ್ಲುತ್ತಾರೆ. ಮೂರು ಮಾತುಗಳೂ ಅಜ್ಜಿಯ ಕಿವಿಗೆ ಬೀಳುತ್ತವೆ. ಆಕೆಯ ಕಿವಿ ಚೆನ್ನಾಗಿದೆ, ಮನಸ್ಸೂ ನೋಯಬಲ್ಲದು. ಕಾಯಿಲೆ ಕೊಡುವ ದುಃಖದ ಮೇಲೆ ಅವಮಾನದ ದುಃಖವೂ ಸೇರಿಕೊಳ್ಳುತ್ತದೆ.

ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತವನ್ನು ನಮ್ಮ ದಾರ್ಶನಿಕರು ಮತ್ತೆ ಮತ್ತೆ ಬಳಸಿದ್ದಾರೆ. ಆರೋಗ್ಯವಂತನಿಗೆ ದೀಪ ತಂದು ತೋರಿಸಿದರೆ ಭ್ರಮೆ ಹರಿಯುತ್ತದೆ. ಈ ಅಜ್ಜಿಗೆ ಬರಿಯ ದೀಪ ಸಾಲದು. ಹಗ್ಗವನ್ನು ಕೈಗೆ ಕೊಟ್ಟು ಮುಟ್ಟಿಸಬೇಕು, ‘ಇದು ಬಾವಿಯ ಹಗ್ಗ’ ಎಂದು ಸಮಾಧಾನದಿಂದ ಹೇಳಬೇಕು. ಕಣ್ಣಿನ ದಾರಿ ಕೆಟ್ಟಿದ್ದರೂ ಸ್ಪರ್ಶದ ದಾರಿ, ಧ್ವನಿಯ ದಾರಿಗಳು ಬಹುಕಾಲ ತೆರೆದಿರುವುದುಂಟು. ಮೊಮ್ಮಗನ ಮುಖವನ್ನು ಅರಿಯದವಳು ಅವನ ದನಿಯನ್ನು ಅರಿತದ್ದು ಈ ಕಾರಣದಿಂದಲೇ. ಆಕೆ ಅವನನ್ನು ಮರೆತಿರಲಿಲ್ಲ. ಅವನು ಆಕೆಯ ಕಣ್ಣಿನ ದಾರಿಯಲ್ಲಿ ತಲಪಿರಲಿಲ್ಲ, ಅಷ್ಟೆ.

ಇಂತಹ ತೊಂದರೆಯನ್ನು ಪತ್ತೆಹಚ್ಚುವ ಪರೀಕ್ಷೆಗಳು ಸರಳವಾಗಿರುತ್ತವೆ. ಒಂದರ ಮೇಲೊಂದು ಬರೆದ ನಾಲ್ಕಾರು ರೇಖಾಚಿತ್ರಗಳನ್ನು ಬಿಡಿಸಿ ಹೇಳುವುದು, ಅಲ್ಲಲ್ಲಿ ಅಳಿಸಿದ ಅಕ್ಷರಗಳನ್ನು ಓದುವುದು, ಅಪರೂಪದ ಕೋನದಿಂದ ತೆಗೆದ ವಸ್ತುವಿನ ಚಿತ್ರವನ್ನು ಗುರುತಿಸುವುದು ಮುಂತಾದವು ಅವುಗಳಲ್ಲಿ ಸೇರಿವೆ. ಆದರೆ ಪರೀಕ್ಷೆಯಲ್ಲಿರುವ ವಸ್ತುಗಳು ರೋಗಿಯ ಬದುಕಿಗೆ ಪರಿಚಿತವಾಗಿರಬೇಕು. ಪರದೇಶದ ವಾದ್ಯದ ಚಿತ್ರವನ್ನು ಕೂರಿಗೆ ಹಿಡಿದ ರೈತನಿಗೆ ತೋರಿಸಿ, ಅವನು ಗುರುತಿಸಲಿಲ್ಲವೆಂದು ರೋಗಿಯೆನ್ನುವುದು ನ್ಯಾಯವಲ್ಲ. ಓದುಬರಹ ಬಾರದವರಿಗೆ ಅಕ್ಷರದ ಪರೀಕ್ಷೆಯೂ ಸಲ್ಲದು. ಈ ಕೊರತೆಯನ್ನು ನೀಗಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಪರೀಕ್ಷಾ ಸಾಮಗ್ರಿಗಳನ್ನು ಸಿದ್ಧಪಡಿಸಲಾಗಿದೆ. ಪರೀಕ್ಷೆಗೆ ಮೊದಲು ಕಣ್ಣನ್ನು ಪರಿಶೀಲಿಸುವುದು ಅಗತ್ಯ. ಪೊರೆ ಬೆಳೆದ ಕಣ್ಣಿನ ಮಸುಕನ್ನು ಮೆದುಳಿನ ದೋಷವೆಂದು ಭಾವಿಸಬಾರದು. ಥೈರಾಯ್ಡ್ ಗ್ರಂಥಿಯ ದೋಷ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ ಇವು ಕೂಡ ಡಿಮೆನ್ಷಿಯಾದಂತೆ ತೋರಬಹುದು. ಇವುಗಳಿಗೆ ತಕ್ಕ ಚಿಕಿತ್ಸೆಯುಂಟು. ಆದುದರಿಂದ ‘ವಯಸ್ಸಾಯಿತು’ ಎಂದು ಸುಮ್ಮನಾಗುವುದರಿಂದ, ಗುಣವಾಗಬಹುದಾದ ಕಾಯಿಲೆಯೂ ಗುಣವಾಗದೆ ಉಳಿಯುವ ಅಪಾಯವಿದೆ.

ಕರ್ನಾಟಕವು ಮೆದುಳಿನ ಅಧ್ಯಯನದಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1974ರಲ್ಲಿ ಇಂದಿನ ರೂಪವನ್ನು ತಾಳಿತು. ಅಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ಶ್ರಮದಿಂದ ಮಾನವ ಮೆದುಳಿನ ಸಂಗ್ರಹಾಗಾರವೊಂದು ಸ್ಥಾಪಿತವಾಯಿತು. ಮೃತರ ಬಂಧುಗಳು ಔದಾರ್ಯದಿಂದ ದಾನ ಮಾಡಿದ ಮೆದುಳುಗಳನ್ನು ಅಲ್ಲಿ ಕಾಪಾಡಿ ಸಂಶೋಧನೆಗೆ ಒದಗಿಸಲಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ವರ್ಷ ದಾಟಿದ ಹತ್ತು ಸಾವಿರ ಗ್ರಾಮವಾಸಿಗಳನ್ನು ವರ್ಷಗಳ ಕಾಲ ಅನುಸರಿಸಿ ನೋಡುವ ಗುರಿಯಿಟ್ಟುಕೊಂಡು ಅಧ್ಯಯನ ಕೈಗೊಂಡಿದೆ. 2022ರಲ್ಲಿ ರಾಜ್ಯ ಸರ್ಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಕೂಡಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದವು. ಡಿಮೆನ್ಷಿಯಾದಂತಹ ರೋಗಗಳನ್ನು ರಾಜಧಾನಿಯ ಆಸ್ಪತ್ರೆಯಲ್ಲಿ ಮಾತ್ರವಲ್ಲದೆ ಜಿಲ್ಲಾ ಮಟ್ಟದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟದಲ್ಲಿ ಗುರುತಿಸುವಂತಾಗಬೇಕೆಂಬುದು ಅದರ ಆಶಯ.

ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮಂದಿ ಡಿಮೆನ್ಷಿಯಾ ರೋಗಿಗಳನ್ನು ಕುರಿತು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸೀಮೆಯವರಿಗೆ ವಿಶೇಷ ಆಸಕ್ತಿಯದಾಗಿದೆ. ಒಂದೇ ಭಾಷೆಯನ್ನು ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆಗಳನ್ನು ಆಡುವವರಲ್ಲಿ ರೋಗದ ಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಶಾಲೆಯ ಮುಖ ಕಾಣದವರಲ್ಲಿಯೂ ಈ ಅಂತರವಿತ್ತು. ಕನ್ನಡದೊಡನೆ ತೆಲುಗು, ಉರ್ದು, ಲಂಬಾಣಿ ನುಡಿಗಳು ಸಂತೆಯಲ್ಲಿ ಬೆರೆಯುವ ಹರಪನಹಳ್ಳಿ, ಕೂಡ್ಲಿಗಿಗಳ ಜನರು ಅದಾವ ಲಾಭವನ್ನೂ ಎಣಿಸದೆ ನೆರೆಯವರ ಮಾತನ್ನು ಕಲಿತವರು. ಆ ಸ್ನೇಹದ ಅಭ್ಯಾಸವು ಮೆದುಳಿಗೂ ಒಂದು ಬಗೆಯ ಕಸುವನ್ನು ಕೊಡುತ್ತಿರಬಹುದೆಂಬುದನ್ನು ಈ ಅಧ್ಯಯನ ಸೂಚಿಸುತ್ತದೆ.

ಡಿಮೆನ್ಷಿಯಾವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ದೊರೆತಿಲ್ಲ. ಕೆಲವು ಔಷಧಗಳು ಲಕ್ಷಣಗಳನ್ನು ತಕ್ಕಮಟ್ಟಿಗೆ ಹಗುರಗೊಳಿಸುತ್ತವೆ. ಆದರೆ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞ ಮಂಡಳಿಯು, ಬದಲಾಯಿಸಬಹುದಾದ ಹದಿನಾಲ್ಕು ಕಾರಣಗಳನ್ನು ನಿವಾರಿಸಿದರೆ, ಜಗತ್ತಿನಲ್ಲಿ ಶೇಕಡಾ 45ರಷ್ಟು ಡಿಮೆನ್ಷಿಯಾವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಾಗಬಹುದೆಂದು ಅಂದಾಜು ಮಾಡಿತು. ರಕ್ತದ ಒತ್ತಡ, ಸಿಹಿಮೂತ್ರ ರೋಗ, ಧೂಮಪಾನ, ಚಿಕಿತ್ಸೆ ಪಡೆಯದ ಕಿವುಡು, ಚಿಕಿತ್ಸೆ ಪಡೆಯದ ದೃಷ್ಟಿದೋಷ, ಒಂಟಿತನ ಇವು ಆ ಪಟ್ಟಿಯಲ್ಲಿವೆ. ಎಳೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸ ದೊರೆಯದಿರುವುದೂ ಅದರಲ್ಲಿ ಸೇರಿದೆ. ಹೀಗೆ, ಶಾಲೆಯನ್ನು ನಡುವೆ ಬಿಡದೆ ಓದುವ ಹುಡುಗಿಯು ತನ್ನ ನಾಳಿನ ಅನ್ನವನ್ನು ಮಾತ್ರವಲ್ಲ, ಐವತ್ತು ವರ್ಷಗಳಾಚೆಯ ತನ್ನ ನೆನಪನ್ನೂ ಕಾಯ್ದುಕೊಳ್ಳುತ್ತಿರುತ್ತಾಳೆ.

ಕಾಯಿಲೆ ಬಂದ ಮನೆಯಲ್ಲಿ ಮಾಡಬೇಕಾದ ಉಪಚಾರಕ್ಕೆ ಹಣಕ್ಕಿಂತ ತಿಳುವಳಿಕೆ ಹೆಚ್ಚು ಬೇಕು. ಮನೆಯಲ್ಲಿ ಸಾಕಷ್ಟು ಬೆಳಕಿರಬೇಕು. ನಡೆದಾಡುವ ದಾರಿಯಲ್ಲಿ ಕರಿಯ ಹಾಸುಗಳನ್ನು ಹಾಕಬಾರದು. ಬಿಳಿಯ ಅನ್ನವನ್ನು ಬಣ್ಣದ ತಟ್ಟೆಯಲ್ಲಿ ಬಡಿಸಬೇಕು. ವಸ್ತುಗಳನ್ನು ರಾಶಿ ಹಾಕದೆ ಒಂದೊಂದನ್ನೂ ಅದರದರ ನೆಲೆಯಲ್ಲಿಯೇ ಇಡಬೇಕು. ನೆಲೆ ಬದಲಾದರೆ ಗುರುತು ಹತ್ತುವುದು ಕಷ್ಟ. ಕೀಟನಾಶಕದ ಸೀಸೆಯನ್ನು ಎಣ್ಣೆಯ ಸೀಸೆಯ ಬಳಿ ಎಂದಿಗೂ ಇಡಬಾರದು. ವಸ್ತುವನ್ನು ಕೈಗಿತ್ತು, ಅದರ ಹೆಸರನ್ನು ಹೇಳಬೇಕು. ಬಳಿಗೆ ಹೋದವರು ಎದುರಿನಿಂದ ಹೋಗಿ, ತಾವು ಯಾರೆಂದು ಮೊದಲು ತಿಳಿಸಬೇಕು. ‘ನಾನು ಯಾರು, ಹೇಳು ನೋಡೋಣ’ ಎಂದು ಪರೀಕ್ಷಿಸುವುದು ಮಕ್ಕಳಿಗೆ ಆಟವಾಗಿ ತೋರಬಹುದು. ಉತ್ತರ ಹೊಳೆಯದ ಹಿರಿಯರಿಗೆ ಅದು ನಾಲ್ಕು ಜನರ ಮುಂದೆ ಸೋತಂತೆ. ಸಂಶಯ ಬಂದಾಗ ಸಮೀಪದ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕು. ಹಗಲಿರುಳು ಆರೈಕೆ ಮಾಡುವ ಸೊಸೆಗೋ ಮಗಳಿಗೋ ಮನೆಯ ಇತರರು ಸರದಿಯಂತೆ ಬಿಡುವು ಕೊಡಬೇಕು. ದಣಿದವರ ಕೈಯಲ್ಲಿ ತಾಳ್ಮೆ ಬಹುಕಾಲ ನಿಲ್ಲದು.

ಮನುಷ್ಯನ ಜೀವನ ಆರಂಭವಾಗುವುದು ಗುರುತಿಸಿಕೊಳ್ಳುವುದರಿಂದ. ಕೂಸು ಇನ್ನೂ ಏನನ್ನೂ ಅರಿಯದಿದ್ದಾಗ ತಾಯಿ ಅದಕ್ಕೆ ಚಂದ್ರನನ್ನು ತೋರಿಸಿ ಚಂದ್ರನೆಂದಳು, ಕಾಗೆಯನ್ನು ತೋರಿಸಿ ಕಾಗೆಯೆಂದಳು. ಒಂದೇ ಪ್ರಶ್ನೆಯನ್ನು ನೂರು ಸಲ ಕೇಳಿದರೂ ನೂರು ಸಲವೂ ಉತ್ತರವಿತ್ತಳು. ಆಗ ಯಾರೂ ಕೂಸಿಗೆ ಅರಳು ಮರಳೆಂದು ಹೇಳಲಿಲ್ಲ. ಬದುಕಿನ ಮತ್ತೊಂದು ತುದಿಯಲ್ಲಿ ಅದೇ ತಾಯಿಯ ಕಣ್ಣಿಗೆ ಲೋಕದ ಗುರುತು ತಪ್ಪಿದಾಗ, ಕಲಿತವರು ಕಲಿಸಿದವಳಿಗೆ ಚೊಂಬನ್ನು ಚೊಂಬೆಂದು ಮತ್ತೊಮ್ಮೆ ಹೇಳಿಕೊಡುವುದು ಉಪಕಾರವಲ್ಲ, ಋಣಸಂದಾಯ. ಆಕೆ ತನ್ನವರನ್ನು ಗುರುತಿಸಲಾರದೆ ಹೋಗಬಹುದು. ತನ್ನವರು ಆಕೆಯನ್ನು ಗುರುತಿಸುವುದನ್ನು ಬಿಡಬಾರದು.